ಗಾಜಿನ ಗೂಡಿನ ಮೇಷ್ಟ್ರು

ಒಂದು ಕಣ್ಣು ನನ್ನ ಕಡೆ ಹೊರಳಿತು, ಹೊರಳಿ ಅಲ್ಲೇ ನಿಂತಿತು, ಇನ್ನೊಂದು ಇನ್ನೂ ಗೋಡೆಯ ಕಡೆಗೇ ಇದೆ, ಹಾಗಾದರೆ ಬದುಕಿದ್ದಾರೆ, ಮೇಷ್ಟ್ರು ಇನ್ನೂ ಬದುಕಿದ್ದಾರೆ — ಒಲೆಯ ಮೇಲೆ ಹಾಲು ಇಟ್ಟು ಬಂದೆನೇ, ಇಲ್ಲ, ಆರಿಸಿದ್ದೇನೆ, ಆರಿಸಿದ ನೆನಪಿದೆ — ಸತ್ತ ಊಸರವಳ್ಳಿ ಕಣ್ಣು ಹೊರಳಿಸುವುದಿಲ್ಲ, ಅಷ್ಟು ನನಗೂ ಗೊತ್ತು, ಆದರೆ ಆ ಬಣ್ಣ, ಸೀದ ಬಾಣಲೆಯ ತಳದ ಹಾಗೆ ಕಪ್ಪು, ಹಸಿರು ಅನ್ನುವುದು ಬಾಲದ ತುದಿಯಲ್ಲೂ ಉಳಿದಿಲ್ಲ, ಪಕ್ಕೆಯ ಚರ್ಮ ಎಲುಬಿಗೆ ಅಂಟಿಕೊಂಡಿದೆ, ಬೆಳಿಗ್ಗೆ ಬಿಟ್ಟ ಮಿಡತೆ ಅವರ ಗಲ್ಲದ ಕೆಳಗೇ ಓಡಾಡುತ್ತಿದೆ, ಎಂಥ ಧೈರ್ಯ ಅದಕ್ಕೆ, ಅದಕ್ಕೂ ಗೊತ್ತಾಗಿಬಿಟ್ಟಿದೆ ಇವರು ತಿನ್ನುವವರಲ್ಲ ಅಂತ. ತಿನ್ನಿ ಮೇಷ್ಟ್ರೇ. ಒಂದೇ ಒಂದು ತಿನ್ನಿ. ಊಸರವಳ್ಳಿಗೆ ಬಹುವಚನ ಕೊಟ್ಟು ಬೇಡಿಕೊಳ್ಳುವ ಗತಿ ಬಂತು ನನಗೆ, ಹಲ್ಲಿ ಕಂಡರೆ ಮಂಚ ಹತ್ತುವವಳಿಗೆ, ಆದರೆ ಈ ಮನೆಯಲ್ಲಿ ಅದನ್ನು ಅದು ಅನ್ನುವವರು ಯಾರೂ ಇಲ್ಲ, ಹುಡುಗಿಯ ಅಮ್ಮ ಇಟ್ಟ ಹೆಸರು, ಒಂದು ಕಣ್ಣು ಈ ಬೆಂಚಿನ ಮೇಲೆ ಇನ್ನೊಂದು ಆ ಬೆಂಚಿನ ಮೇಲೆ ಇಟ್ಟು ಪಾಠ ಮಾಡುತ್ತಿದ್ದ ತನ್ನ ಲೆಕ್ಕದ ಮೇಷ್ಟ್ರ ಹಾಗೆಯೇ ಇದ್ದಾರೆ ಅಂದಳಂತೆ, ಹಾಸಿಗೆ ಹಿಡಿದ ವರ್ಷ ಮಗಳಿಗೆ ತರಿಸಿಕೊಟ್ಟದ್ದು, ನಾನೂ ಓಡಾಡಲ್ಲ, ಇವರೂ ಓಡಾಡಲ್ಲ, ನಮ್ಮಿಬ್ಬರನ್ನೂ ನೀನೇ ನೋಡ್ಕೋಬೇಕು ಅಂದಳಂತೆ, ತಾಯಿ ಹೋದಳು, ಮೇಷ್ಟ್ರು ಉಳಿದರು, ಆಮೇಲೆ ನಾನು ಬಂದೆ, ಎರಡನೆಯವಳು. ಹುಡುಗಿ ರಜಕ್ಕೆ ಅಜ್ಜಿಯ ಮನೆಗೆ ಹೊರಟಾಗ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ತುಂಬ ಹೊತ್ತು ನಿಂತಿದ್ದಳು, ನೋಡ್ಕೋತೀರಾ ಅಂದಳು, ನೋಡ್ಕೋತೀನಿ ಅಂದೆ, ಎಷ್ಟು ಸಲೀಸಾಗಿ ಅಂದುಬಿಟ್ಟೆ. ಇವತ್ತು ಸಂಜೆಯ ಬಸ್ಸಿಗೆ ವಾಪಸ್ಸು ಬರುತ್ತಿದ್ದಾಳೆ.

ಒಬ್ಬಳೇ ಅಲ್ಲ, ಅಜ್ಜಿಯೂ ಜೊತೆಗೆ, ತಾಯಿಯ ತಾಯಿ, ಚಪ್ಪಲಿ ಬಿಡುವ ಮೊದಲೇ ಮೂಲೆಯ ಜೇಡರಬಲೆ ಕಾಣುವ ಕಣ್ಣು ಅವರದು — ಹುಡುಗಿ ಇನ್ಮೇಲೆ ನನ್ನ ಹತ್ರಾನೇ ಇರ್ಲಿ, ಇಲ್ಲೇ ಸ್ಕೂಲಿಗೆ ಸೇರಿಸ್ತೀನಿ, ಬೆಳೆಯೋ ಹೆಣ್ಣುಮಗು, ಸ್ವಂತದವರ ಮಧ್ಯೆ ಇರ್ಬೇಕು ಅಂದರಂತೆ ಫೋನಿನಲ್ಲಿ, ನಮ್ಮನೆಯವರು ತಟ್ಟೆಯನ್ನೇ ನೋಡುತ್ತ ಅದನ್ನು ನನಗೆ ಹೇಳಿದರು, ನೀವೇನಂದ್ರಿ ಅಂದೆ, ಹುಡುಗೀನೇ ಹೇಳ್ಲಿ ಅಂದೆ ಅಂದರು, ಹುಡುಗಿ ಏನಂದ್ಲು, ಮನೆಗೆ ಬಂದು ಮೇಷ್ಟ್ರನ್ನ ನೋಡಿ ಹೇಳ್ತೀನಿ ಅಂದ್ಲು. ಸ್ವಂತದವರು — ಆ ಮಾತು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿದೆ, ನುಂಗಿದರೂ ಇದೆ, ಕೆಮ್ಮಿದರೂ ಇದೆ. ಮದುವೆಯ ದಿನ ಅದೇ ಅಜ್ಜಿ ಯಾರಿಗೋ ಹೇಳುತ್ತಿದ್ದರು, ನನಗೆ ಕೇಳಲಿ ಅಂತಲೇ, ನಿನ್ನೆವರೆಗೂ ಅಂಗಡೀಲಿ ಗಾಜು ಒರೆಸ್ತಿದ್ದೋಳು ಇವತ್ತು ಮನೆ ಯಜಮಾನಿ, ಬಣ್ಣ ಬದಲಾಯ್ಸೋದನ್ನ ಊಸರವಳ್ಳೀನೇ ಇವಳ ಹತ್ರ ಕಲೀಬೇಕು — ನಾನು ಕೇಳಿಸದವಳ ಹಾಗೆ ನಕ್ಕೆ, ಆ ನಗು ಇನ್ನೂ ಕೆನ್ನೆಯಲ್ಲಿ ನೋಯುತ್ತದೆ, ಈಗ ಹೇಳಬೇಕು ಅವರಿಗೆ, ಅಜ್ಜಿ, ಊಸರವಳ್ಳಿ ಬಣ್ಣ ಬದಲಾಯಿಸುವುದು ಮೋಸಕ್ಕಲ್ಲ, ಹೆದರಿಕೆಗೆ, ಹಗಲೆಲ್ಲ ಎದುರಿಗೆ ಕೂತು ನೋಡಿದ್ದೇನೆ, ಹೆದರಿಕೆಗೆ. ಹುಡುಗಿ ನನಗೆ ಬೇಕು. ಹೊತ್ತಿಲ್ಲ, ಹೆತ್ತಿಲ್ಲ, ಆದರೂ ಬೇಕು, ಅವಳು ನನ್ನನ್ನು ಅಮ್ಮ ಅನ್ನುವುದಿಲ್ಲ, ಚಿಕ್ಕಮ್ಮ ಅನ್ನುವುದಿಲ್ಲ, ಇಲ್ನೋಡಿ ಅನ್ನುತ್ತಾಳೆ, ಇಲ್ನೋಡಿ ಊಟ ಆಯ್ತಾ, ಇಲ್ನೋಡಿ ಪೆನ್ನು ಕಾಣ್ತಿಲ್ಲ, ಈ ಮನೆಯಲ್ಲಿ ನನ್ನ ಹೆಸರೇ ಇಲ್ನೋಡಿ, ಪರವಾಗಿಲ್ಲ, ನನಗೆ ಅದೂ ಬೇಕು, ಶಾಲೆಯಿಂದ ಬಂದು ಗಾಜು ಕೊರೆಯುವ ಮೇಜಿನ ತುದಿಯಲ್ಲಿ ಕೂತು ಬರೆಯುತ್ತಿರುತ್ತಾಳೆ, ನಾನು ದೊಡ್ಡ ಹಾಳೆ ಎತ್ತಲು ಬಗ್ಗಿದರೆ ಸಾಕು, ಕರೆಯದೆಯೇ ಎದ್ದು ಬಂದು ಆ ತುದಿ ಹಿಡಿಯುತ್ತಾಳೆ, ಗಾಜು ಹಿಡಿದು ನಡೆಯುವ ಇಬ್ಬರು ಮಾತಾಡಬಾರದು, ಹೆಜ್ಜೆ ಒಂದಾಗಿರಬೇಕು, ಒಬ್ಬರು ಬೆದರಿದರೆ ಇಬ್ಬರ ಕೈಯೂ ಹೋಗುತ್ತದೆ, ನಮ್ಮಿಬ್ಬರ ಹೆಜ್ಜೆ ಯಾವತ್ತೂ ತಪ್ಪಿಲ್ಲ. ಮತ್ತೆ ನಾನು ಅವಳಿಗೆ ಸುಳ್ಳು ಹೇಳುತ್ತಿದ್ದೇನೆ. ದಿನಾ ಫೋನ್ ಮಾಡುತ್ತಾಳೆ, ತಿಂದ್ರಾ, ತಿಂದ್ರು, ಎಷ್ಟು, ಎರಡು, ಬಣ್ಣ ಹೇಗಿದೆ, ಹಸಿರಿದೆ ಕಣೇ, ಎಲೆ ಹಸಿರು — ಮೊದಲ ದಿನ ನಾಳೆ ತಿಂದಾರು ಅಂತ ಹೇಳಿದ್ದು, ಆಮೇಲೆ ಒಂದು ಸುಳ್ಳಿನ ಬಾಲ ಹಿಡಿದು ಇನ್ನೊಂದು ಬಂತು, ಈಗ ಕಪ್ಪಗಿರುವ ಇವರನ್ನು ನೋಡಿದ ಕೂಡಲೇ ಅವಳಿಗೆ ಎಲ್ಲ ತಿಳಿಯುತ್ತದೆ, ನಾನು ಸುಳ್ಳಿ ಅಂತ, ನೋಡಿಕೊಳ್ಳಲಿಲ್ಲ ಅಂತ, ಅಮ್ಮನ ಕೊನೆಯ ವಸ್ತುವನ್ನು ಇವಳು ಕೊಂದಳು ಅಂತ, ಅಜ್ಜಿ ಏನೂ ಹೇಳಬೇಕಾಗಿಲ್ಲ, ಬಟ್ಟೆ ಮಡಚಿ ಚೀಲಕ್ಕೆ ತುಂಬಿದರೆ ಆಯಿತು.

ಏನು ಕಡಿಮೆ ಮಾಡಿದೆವು ಇವರಿಗೆ, ಅರಮನೆ ಕಟ್ಟಿಕೊಟ್ಟೆವಲ್ಲ, ಹಳೆಯದು ತಂತಿ ಬಲೆಯ ಗೂಡು, ಒಂದು ಮೂಲೆ ಕಿತ್ತು ಮಿಡತೆಗಳು ಅಡುಗೆಮನೆಗೆ ಬರುತ್ತಿದ್ದವು, ಇವತ್ತು ಮಿಡತೆ ಬಂತು ನಾಳೆ ಮೇಷ್ಟ್ರೇ ಬಂದರೆ, ನಿದ್ದೆಯಲ್ಲಿ ನನ್ನ ಕತ್ತಿನ ಮೇಲೆ ಆ ಇಕ್ಕಳದ ಕಾಲು ಇಟ್ಟರೆ, ಅಯ್ಯೋ ನೆನೆದರೆ ಈಗಲೂ ಮೈ ಜುಂ ಅನ್ನುತ್ತದೆ — ಹುಡುಗಿ ಬರುವುದರೊಳಗೆ ಹೊಸ ಗೂಡು ಮಾಡೋಣ, ಖುಷಿಯಾಗ್ತಾಳೆ ಅಂದೆ ನಾನೇ, ನಮ್ಮನೆಯವರಿಗೂ ಹುರುಪು ಬಂತು, ಗಾಜಿನವರ ಮನೆಯಲ್ಲಿ ಪ್ರೀತಿ ಬಂದರೆ ಗಾಜಿಗೇ ಕೈ ಹಾಕುವುದು, ಅವರ ಅಪ್ಪ ಮದುವೆಗೆ ಕೊಟ್ಟದ್ದು ಆಳೆತ್ತರದ ಕನ್ನಡಿ, ಮಗಳು ಹುಟ್ಟಿದಾಗ ನಮ್ಮನೆಯವರು ತೊಟ್ಟಿಲ ಮೇಲಿನ ಕಿಟಕಿಗೆ ಬಣ್ಣದ ಗಾಜು ಕೂರಿಸಿದರು, ಅಂಗಡಿಯಲ್ಲಿದ್ದ ಒಳ್ಳೇ ಹಾಳೆಯನ್ನೇ ತೆಗೆದೆವು, ಗುಳ್ಳೆ ಇಲ್ಲದ್ದು, ಅಲೆ ಇಲ್ಲದ್ದು, ನಾನೇ ಕೊರೆದೆ, ಅಂಚನ್ನು ಕಲ್ಲಿನಲ್ಲಿ ಉಜ್ಜಿ ನಯ ಮಾಡಿದೆ, ಮೇಷ್ಟ್ರ ಮೂಗು ತಾಗಿದರೆ ಗೀರಬಾರದು ಅಂತ, ಮೇಲ್ಗಡೆ ಗಾಳಿಗೆ ಮಾತ್ರ ಬಲೆ, ಉಳಿದ ನಾಲ್ಕು ಬದಿಯೂ ಗಾಜು, ಅಂಟು ಹಾಕಿ ಗೋಡೆಯ ಹಲಗೆಗೇ ಕೂರಿಸಿಬಿಟ್ಟೆವು, ಅಲುಗಾಡಬಾರದು, ನಮ್ಮ ಕೆಲಸ ಅಂದರೆ ಕೆಲಸ, ಹಳೆಯ ಗೂಡನ್ನು ಗುಜರಿಯವನು ಒಯ್ದ. ಒರೆಸಿದ್ದೂ ಒರೆಸಿದ್ದೇ, ಹಳೇ ಪತ್ರಿಕೆ ಒದ್ದೆ ಮಾಡಿ, ಆಮೇಲೆ ಒಣಗಿದ್ದರಲ್ಲಿ, ಗಾಜು ಇದೆಯೋ ಇಲ್ಲವೋ ಅನ್ನುವಷ್ಟು, ನೊಣ ಬಂದು ಡಿಕ್ಕಿ ಹೊಡೆದರೆ ಒರೆಸಿದ್ದು ಸರಿಯಾಗಿದೆ ಅಂತ ಲೆಕ್ಕ. ಅಂಗಡಿಗೆ ಕೆಲಸಕ್ಕೆ ಸೇರಿದ ದಿನ ನಮ್ಮನೆಯವರು, ಆಗ ಯಜಮಾನರು, ಹೇಳಿಕೊಟ್ಟ ಮೊದಲ ಪಾಠ ಅದೇ, ಗಾಜು ನೋಡಬೇಕು, ಗಾಜಿನೊಳಗೆ ಏನು ಕಾಣುತ್ತೋ ಅದನ್ನ ನೋಡಬಾರದು, ಕನ್ನಡಿ ಅಂಗಡೀಲಿ ಮುಖ ನೋಡ್ಕೊಳ್ಳೋಳು ಬೆರಳು ಕೊಯ್ಕೋತಾಳೆ, ಮೊದಮೊದಲು ನಾನು ಎಷ್ಟು ಕೊಯ್ದುಕೊಂಡೆ, ಎಡಗೈ ತುಂಬ ಗೀರು, ಈಗ ನನ್ನ ಎದುರು ಎಂಥ ಕನ್ನಡಿ ಇಟ್ಟರೂ ನನಗೆ ನಾನು ಕಾಣುವುದಿಲ್ಲ, ಗುಳ್ಳೆ ಕಾಣುತ್ತದೆ, ಗೀರು ಕಾಣುತ್ತದೆ, ಪಾದರಸ ಎದ್ದ ಚುಕ್ಕೆ ಕಾಣುತ್ತದೆ, ತಲೆ ಬಾಚಲು ನಿಂತರೂ ಕನ್ನಡಿಯ ಅಂಚನ್ನೇ ನೋಡುತ್ತಿರುತ್ತೇನೆ, ಕೆಲಸದ ಚಟ.

ಗೂಡು ಬದಲಾಯಿಸಿದ ಮೇಲೆ ಒಂದೆರಡು ದಿನ ನಿಧಾನ ಅಂದುಕೊಂಡೆವು, ಹೊಸ ಮನೆ, ಹೊಂದಿಕೊಳ್ಳಲಿ, ಆಮೇಲೆ ಬಾಯಿ ತೆರೆಯಲು ಶುರು ಮಾಡಿದರು, ನಾನು ಹತ್ತಿರ ಹೋದರೆ ಸಾಕು, ಮೈ ಉಬ್ಬಿಸಿ, ಅಕ್ಕಪಕ್ಕ ತೂಗಿ, ಬಾಯಗಲಿಸಿ ಹಿಸ್ ಅನ್ನುತ್ತಾರೆ, ಒಳಗೆ ಕೆಂಪಗೆ ಗಂಟಲು, ನನಗೆ ಜೀವ ಬಾಯಿಗೆ ಬರುತ್ತದೆ, ನನ್ನನ್ನೇ ಹೆದರಿಸುತ್ತಿದ್ದಾರೆ ಅಂತ, ಅವಳ ಮೇಷ್ಟ್ರು, ನನಗೆ ಯಾಕೆ ಒಲಿದಾರು, ಅವರಿಗೂ ಗೊತ್ತಿದೆ ನಾನು ಯಾರು ಅಂತ — ಹುಚ್ಚು, ಒಬ್ಬಳೇ ಕೂತರೆ ಇಂಥವೇ ಹುಟ್ಟುತ್ತವೆ. ಪ್ರಾಣಿಗಳ ಡಾಕ್ಟರಮ್ಮನಿಗೆ ಫೋನ್ ಮಾಡಿದೆ, ಪಾಪ ಸಮಾಧಾನದ ಹೆಂಗಸು, ಬಟ್ಟಲಲ್ಲಿ ನೀರಿಟ್ಟರೆ ಕುಡಿಯಲ್ಲ ಅವು, ಎಲೆ ಮೇಲೆ ಚಿಮುಕಿಸಿ, ಹನಿ ನೆಕ್ಕುತ್ತೆ, ಬೆಳಿಗ್ಗೆ ಬಿಸಿಲು ಬೀಳ್ಲಿ, ದೀಪದ ಬಿಸಿ ಇರ್ಲಿ, ಕೊಂಬೆ ಎತ್ತರದಲ್ಲಿರ್ಲಿ, ಕೆಳಗಿದ್ರೆ ಹೆದರ್ಕೊಳ್ಳುತ್ತೆ, ಮೇಲಿಂದ ಕೈ ಹಾಕ್ಬೇಡಿ, ಹದ್ದು ಅಂದ್ಕೊಳ್ಳುತ್ತೆ, ತಿನ್ನದೆ ಬಿಟ್ಟ ಹುಳ ಒಳಗೇ ಬಿಡ್ಬೇಡಿ, ಅದೇ ಇದನ್ನ ಕಚ್ಚುತ್ತೆ. ಎಲ್ಲ ಮಾಡಿದೆ. ನೀರು ಚಿಮುಕಿಸಿದೆ, ಎಲೆಯಿಂದ ಹನಿ ಇಳಿದು ಮೂಗಿನ ಮೇಲೆ ನಿಂತರೂ ನೆಕ್ಕಲಿಲ್ಲ, ರೇಡಿಯೊ ಆರಿಸಿದೆ, ಅಂಗಡಿಯಲ್ಲಿ ಗಾಜು ಮುರಿಯುವಾಗ ನಡುವಿನ ಬಾಗಿಲು ಹಾಕಿದೆ, ಅಂಗಡಿಯ ಹಿಂದೆಯೇ ಮನೆ ತಾನೆ, ಬೇರೆ ಜಾತಿಯ ಹುಳ ತಂದೆ, ಸಾಕುಪ್ರಾಣಿ ಅಂಗಡಿಯವನು ಇದನ್ನ ಕಂಡ್ರೆ ಸತ್ತಿದ್ದೂ ಎದ್ದು ತಿನ್ನುತ್ತೆ ಅಂದ, ಎದ್ದರೆ ತಾನೆ. ಡಾಕ್ಟರಮ್ಮ ಕೇಳಿದ್ದರು, ಮನೇಲಿ ಏನಾದ್ರೂ ಬದಲಾಗಿದೆಯಾ, ಏನೂ ಇಲ್ಲ ಡಾಕ್ಟ್ರೇ, ಗೂಡು ಮೊದಲಿಗಿಂತ ಚೆನ್ನಾಗಿದೆ ಅಂದೆ, ಅದರ ಕಣ್ಣಿಗೆ ಬೇರೆ ಪ್ರಾಣಿ ಏನಾದ್ರೂ ಬೀಳ್ತಿದೆಯಾ, ಬೆಕ್ಕು, ನಾಯಿ, ಇನ್ನೊಂದು ಊಸರವಳ್ಳಿ, ಇನ್ನೊಂದನ್ನ ಕಂಡ್ರೆ ಅವಕ್ಕೆ ಆಗಲ್ಲ, ಇಬ್ಬರಿಗೆ ಒಂದು ಮನೆ ಅನ್ನೋದೇ ಇಲ್ಲ ಅವುಗಳಲ್ಲಿ, ಕೊರಗಿ ಸತ್ತುಹೋಗುತ್ತೆ — ಇಲ್ಲ ಡಾಕ್ಟ್ರೇ, ಒಂದೇ ಇರೋದು. ಫೋನ್ ಇಟ್ಟ ಮೇಲೆ ಇಬ್ಬರಿಗೆ ಒಂದು ಮನೆ ಅನ್ನುವ ಮಾತು ಮಾತ್ರ ಹೋಗಲಿಲ್ಲ, ನಡುಮನೆಯಲ್ಲಿ ಹುಡುಗಿಯ ಅಮ್ಮನ ಫೋಟೊ ಇದೆ, ಅದರ ಗಾಜು ಕೊರೆದದ್ದೂ ನಾನೇ, ಆಗ ನಾನು ಬರೀ ಕೆಲಸದವಳು, ಯಜಮಾನರು ಚೌಕಟ್ಟಿನ ಅಳತೆ ಹೇಳಲಾರದೆ ಗೋಡೆಗೆ ತಲೆಯಿಟ್ಟು ನಿಂತಿದ್ದರು, ನಾನೇ ಅಳೆದುಕೊಂಡೆ. ಈಗ ವಾರಕ್ಕೊಮ್ಮೆ ಅದನ್ನು ಒರೆಸುತ್ತೇನೆ, ನನ್ನ ಮನೆಯೂ ಅವಳದೇ, ಅವಳ ಮನೆಯೂ ನನ್ನದೇ, ನಮ್ಮಿಬ್ಬರಲ್ಲಿ ಜಗಳವಿಲ್ಲ, ಒಬ್ಬಳು ನಗುತ್ತಾಳೆ, ಒಬ್ಬಳು ಒರೆಸುತ್ತಾಳೆ.

ಬೀದಿದೀಪ ಹತ್ತಿತು. ಇಷ್ಟು ಬೇಗ ಕತ್ತಲೆಯೇ, ಮೋಡ ಇರಬೇಕು, ಬಸ್ಸು ಈಗ ಎಲ್ಲಿ ಬಂತೋ, ನಮ್ಮನೆಯವರು ಯಾವುದೋ ಕಟ್ಟಡದ ಮೇಲಿನ ಮಹಡಿಯಲ್ಲಿ ಕಿಟಕಿ ಕೂರಿಸುತ್ತಿದ್ದಾರೆ, ಎರಡು ಕೈಯಲ್ಲೂ ಗಾಜು, ಫೋನ್ ಎತ್ತುವುದಿಲ್ಲ, ಎತ್ತಿದರೂ ಏನು ಹೇಳುತ್ತಾರೆ, ನೋಡೋಣ ಬಿಡು ಅನ್ನುತ್ತಾರೆ, ಪ್ರಪಂಚ ಮುಳುಗಿದರೂ ಅವರದು ನೋಡೋಣ ಬಿಡು. ಆ ಮಿಡತೆ ಇನ್ನೂ ಒಳಗೇ ಇದೆ, ಕಚ್ಚುತ್ತದೆ ಅಂದಿದ್ದರಲ್ಲ, ತೆಗೆಯಬೇಕು, ಇಷ್ಟು ದಿನ ಉದ್ದನೆಯ ಕಡ್ಡಿಗೆ ಬಟ್ಟಲು ಕಟ್ಟಿಕೊಂಡು ತೆಗೆಯುತ್ತಿದ್ದೆ, ಕೈ ಒಳಗೆ ಹಾಕಿದ್ದೇ ಇಲ್ಲ, ಕಡ್ಡಿ ಎಲ್ಲಿ ಹೋಯಿತು, ಹಿತ್ತಲಲ್ಲಿ ತೊಳೆದಿಟ್ಟದ್ದು ಕಾಣುತ್ತಿಲ್ಲ, ಬೇಕಾದಾಗ ಯಾವುದು ತಾನೆ ಸಿಕ್ಕೀತು, ಮಿಡತೆ ಅವರ ಕಾಲಿನ ಮೇಲೆ ಹತ್ತಿತು, ಹತ್ತಿಬಿಟ್ಟಿತು, ಕಣ್ಣಿನ ಹತ್ತಿರ ಹೋಗುತ್ತಿದೆ, ಅಯ್ಯೋ ಅವರು ಕದಲುತ್ತಲೂ ಇಲ್ಲ — ಗೂಡಿನ ಮುಂದಿನ ಗಾಜಿನ ಬಾಗಿಲು ಸರಿಸಿ ಉಸಿರು ಬಿಗಿಹಿಡಿದು ಕೈ ಹಾಕಿದೆ, ಸಾಲದು, ತಲೆಯನ್ನೂ ಒಳಗೆ ತೂರಿಸಿದೆ, ಒಳಗೆ ದೀಪದ ಬಿಸಿ, ಎಲೆಯ ಹಸಿ ವಾಸನೆ, ಮಿಡತೆ ಹಾರಿತು, ಎದುರಿಗೆ ಒಬ್ಬಳು ಹೆಂಗಸು. ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿದ್ದಾಳೆ. ಅವಳೇ ಅಂದುಕೊಂಡೆ, ದೇವರಾಣೆಗೂ ಅವಳೇ ಅಂದುಕೊಂಡೆ, ನಡುಮನೆಯಿಂದ ಎದ್ದು ಬಂದಿದ್ದಾಳೆ ಲೆಕ್ಕ ಕೇಳಲು, ತಲೆ ಹಿಂದಕ್ಕೆ ಎಳೆದ ರಭಸಕ್ಕೆ ನೆತ್ತಿ ಚೌಕಟ್ಟಿಗೆ ತಾಗಿತು, ಹೊಡೆತಕ್ಕೆ ಬುದ್ಧಿ ಬಂತು, ನಾನೇ ಅದು, ಕೂದಲು ಕೆದರಿಕೊಂಡ ನಾನೇ, ಹಿಂದಿನ ಗಾಜಿನಲ್ಲಿ. ಎಷ್ಟು ಕಾಲವಾಯಿತು ನಾನು ನನ್ನನ್ನು ಕಂಡು. ಮತ್ತೆ ಬಗ್ಗಿ ನೋಡಿದೆ, ಈ ಸಲ ಗಾಜನ್ನಲ್ಲ, ಗಾಜಿನೊಳಗೆ, ನನ್ನ ಮುಖದ ಪಕ್ಕದಲ್ಲಿ ಮೇಷ್ಟ್ರು, ಮೈ ಉಬ್ಬಿಸಿಕೊಂಡು, ಎಡಕ್ಕೆ ತಿರುಗಿದರೆ ಅಲ್ಲೂ ಮೇಷ್ಟ್ರು, ಬಲಕ್ಕೂ, ದೀಪ ಒಳಗೆ, ಕತ್ತಲೆ ಹೊರಗೆ, ಒರೆಸಿ ಒರೆಸಿ ನೀರಿನಂತಾದ ನಾಲ್ಕು ಗಾಜಿನಲ್ಲೂ ಕಪ್ಪು ಮೇಷ್ಟ್ರು, ನಿದ್ದೆ ಕೊಡದ, ಕಣ್ಣು ತೆಗೆಯದ, ಇವರು ಬಾಯಿ ತೆರೆದರೆ ತಾನೂ ಬಾಯಿ ತೆರೆಯುವ ಮೇಷ್ಟ್ರುಗಳು. ನನ್ನನ್ನಲ್ಲ ಹೆದರಿಸುತ್ತಿದ್ದದ್ದು. ಬಾಯಿ ತೆರೆದಾಗ ನನ್ನ ಕಡೆ ನೋಡುತ್ತಲೇ ಇರಲಿಲ್ಲ. ಇಷ್ಟು ದಿನ ಶತ್ರುಗಳ ನಡುವೆ ನಿಲ್ಲಿಸಿ, ದಿನಾ ಬೆಳಿಗ್ಗೆ ಆ ಶತ್ರುಗಳನ್ನು ಒರೆಸಿ ಹೊಳಪು ಮಾಡಿ, ತಿನ್ನಿ ತಿನ್ನಿ ಅಂದೆ. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು ಅನ್ನುತ್ತಾರಲ್ಲ, ನಾವು ಬಿಟ್ಟದ್ದು ಬಾಯಿಲ್ಲದ ಪ್ರಾಣಿಯ ಮೈಮೇಲೆ.

ಸುಣ್ಣ, ಸುಣ್ಣದ ಪುಡಿ ಎಲ್ಲಿದೆ, ಅಂಗಡಿಯಲ್ಲಿ ಬಾಗಿಲ ಹಿಂದೆ, ಹೊಸ ಕಿಟಕಿ ಕೂರಿಸಿದಾಗ ಜನ ಬಂದು ಗುದ್ದಬಾರದು ಅಂತ ಗಾಜಿಗೆ ಬಳಿಯುತ್ತೇವಲ್ಲ, ಅದೇ, ಬಟ್ಟಲಲ್ಲಿ ಕಲಸಿ ಅಂಗೈಯಲ್ಲಿ ಬಳಿದೆ, ಹೊರಗಡೆಯಿಂದ, ಎಡಕ್ಕೆ ಬಳಿದೆ, ಬಲಕ್ಕೆ ಬಳಿದೆ, ನನ್ನ ಜೀವಮಾನದಲ್ಲಿ ಒಂದು ಗಾಜನ್ನು ಹೊಲಸು ಮಾಡಲು ಇಷ್ಟು ಅವಸರ ಪಟ್ಟಿಲ್ಲ, ಗೀರಿದ ಬೆರಳುಗಳು ಉರಿಯುತ್ತಿವೆ, ಉರಿಯಲಿ, ಹಿಂದಿನದಕ್ಕೆ ಕೈ ಹೋಗುವುದಿಲ್ಲ, ಗೋಡೆಗೆ ಅಂಟಿಸಿ ಕೂರಿಸಿದ್ದೇವಲ್ಲ ನಾವು ಜಾಣರು, ಅಲ್ಲಿ ಇನ್ನೂ ಒಬ್ಬರು ನಿಂತಿದ್ದಾರೆ, ಇವರು ಅವರತ್ತಲೇ ತೂಗುತ್ತಿದ್ದಾರೆ, ಒಂದು ಕಣ್ಣು ಅವರ ಮೇಲೆ, ಇನ್ನೊಂದು ನನ್ನ ಸುಣ್ಣದ ಕೈಯ ಮೇಲೆ, ಹೊರಗೆ ತೆಗೆಯಬೇಕು, ಬೇರೆ ದಾರಿಯಿಲ್ಲ, ಕೈಯಲ್ಲಿ ಮುಟ್ಟಿ ಹೊರಗೆ ತೆಗೆಯಬೇಕು, ನಾನು, ಆಗಲ್ಲ, ನನ್ನ ಕೈಲಿ ಆಗಲ್ಲ — ಫೋನ್. ಹುಡುಗಿ. ಸುಣ್ಣದ ಬೆರಳಲ್ಲೇ ಎತ್ತಿದೆ, ಬಸ್ಸಿನ ಗುರುಗುರು, ಹಾರ್ನು, ಅದರ ನಡುವೆ ಅವಳ ದನಿ, ಇಲ್ನೋಡಿ, ನಾವು ಸೇತುವೆ ದಾಟಿದ್ವಿ, ತಿಂದ್ರಾ? ತಿಂದ್ರು ಅನ್ನುವುದು ನಾಲಿಗೆಯ ತುದಿಯಲ್ಲಿ ತಯಾರಾಗಿಯೇ ಕೂತಿತ್ತು, ಸೇತುವೆ ದಾಟಿದರೆ ಇನ್ನೆಷ್ಟು ಹೊತ್ತು, ಇಲ್ಲ ಅಂದೆ. ತಿಂದಿಲ್ಲ. ಒಂದು ದಿನಾನೂ ತಿಂದಿಲ್ಲ, ನಿಂಗೆ ಸುಳ್ಳು ಹೇಳಿದೆ. ಕಪ್ಪಗಾಗಿದ್ದಾರೆ ಅಂದೆ, ಗಾಜಿನ ಗೂಡು ಮಾಡಿದ್ವಿ ನಿಂಗೆ ಅಂತ, ಅದ್ರಲ್ಲಿ ಅವರಿಗೆ ಅವರೇ ಕಾಣ್ತಾರೆ, ಅದಕ್ಕೆ ಹೆದರಿದಾರೆ, ನಂಗೆ ಈಗ ಗೊತ್ತಾಯ್ತು, ಈಗಷ್ಟೇ. ಅಲ್ಲಿಂದ ಅಜ್ಜಿಯ ದನಿ, ಏನಂತೆ, ಯಾಕೆ ಮುಖ ಹಾಗ್ಮಾಡ್ಕೊಂಡೆ, ಆ ಪ್ರಾಣಿ ಇದೆಯಾ ಹೋಯ್ತಾ? ಮುಗಿಯಿತು ಅಂದುಕೊಂಡೆ, ಗೋಡೆ ಹಿಡಿದುಕೊಂಡೆ, ಗೋಡೆಯ ಮೇಲೆ ನನ್ನ ಅಂಗೈ ಬೆಳ್ಳಗೆ ಮೂಡಿತು, ಈಗ ಹೇಳುತ್ತಾಳೆ ಹುಡುಗಿ, ಈಗ. ಏನಿಲ್ಲ ಅಜ್ಜಿ, ಎರಡು ತಿಂದ್ರಂತೆ, ಚೆನ್ನಾಗಿದಾರಂತೆ. ಅಷ್ಟೇ ಹೇಳಿದಳು. ನಾನು ಸರಿಯಾಗಿ ಕೇಳಿಸಿಕೊಂಡೆನೇ, ನನ್ನದೇ ಸುಳ್ಳು, ಅದೇ ಎರಡು, ಅವಳ ಬಾಯಲ್ಲಿ, ನನಗಾಗಿ, ಅಳು ಬಂತು, ಅಳುವುದಕ್ಕೆ ಹೊತ್ತಿಲ್ಲ, ಆಮೇಲೆ ಅವಳು ಫೋನಿಗೆ ಕೈ ಅಡ್ಡ ಹಿಡಿದಿರಬೇಕು, ದನಿ ತಗ್ಗಿಸಿ, ಅವರನ್ನ ತೆಗೀರಿ ಅಂದಳು, ಕಿಟಕಿ ಹತ್ರ ಕುಂಡದ ಗಿಡ ಇದೆಯಲ್ಲ ಅದರ ಮೇಲೆ ಬಿಡಿ, ಹಿಡೀಬೇಡಿ, ಕೈ ಕೆಳಗಿಂದ ತಗೊಂಡೋಗಿ ಎದುರಿಗೆ ಇಡಿ, ಕೊಂಬೆ ಥರ, ಅವರೇ ಹತ್ತುತಾರೆ. ನಂಗೆ ಭಯ ಕಣೇ ಅಂದೆ. ಗೊತ್ತು ಅಂದಳು. ಅವರಿಗೂ ಭಯ. ಫೋನ್ ಇಡಬೇಡಿ.

ಇಡಲಿಲ್ಲ, ಮೇಜಿನ ಮೇಲೆ ಮಲಗಿಸಿದ್ದೇನೆ, ದನಿ ಜೋರಾಗಿಟ್ಟು, ಅದರಿಂದ ಬಸ್ಸಿನ ಸದ್ದು ಬರುತ್ತಿದೆ, ಸುಣ್ಣ ತೊಳೆದುಕೊಂಡೆ, ಕೈ ತಣ್ಣಗಿರಬಾರದೇನೋ, ಸೆರಗಿನಲ್ಲಿ ಒರೆಸಿ ಉಜ್ಜಿಕೊಂಡೆ, ಎಡಗೈಯೇ ಇರಲಿ, ಗೀರು ಇರುವ ಕೈ ಒರಟಾಗಿದೆ, ಕೊಂಬೆಗೆ ಹತ್ತಿರ, ಕೆಳಗಿಂದ, ನಿಧಾನ, ಮೇಲಿಂದ ಅಲ್ಲ, ಹದ್ದಲ್ಲ ನಾನು ಮೇಷ್ಟ್ರೇ, ಹದ್ದಲ್ಲ, ಗಾಜು ಒರೆಸುವವಳು — ಬೆರಳುಗಳನ್ನು ಅವರ ಎದೆಯ ಮುಂದೆ ಇಟ್ಟೆ, ಬಾಯಿ ತೆರೆದರು, ಕೆಂಪು ಗಂಟಲು, ಕೈ ತೆಗೆಯಬಾರದು, ತೆಗೆಯುವುದಿಲ್ಲ, ಕಚ್ಚಿದರೆ ಕಚ್ಚಲಿ, ಗಾಜಿಗಿಂತ ಹೆಚ್ಚು ಕೊಯ್ಯುವುದಿಲ್ಲ, ಬಾಯಿ ಮುಚ್ಚಿದರು. ಮುಂಗಾಲು ಗಾಳಿಯಲ್ಲಿ ಎತ್ತಿ ನಿಂತರು, ಇಡಲೋ ಬೇಡವೋ, ಇಡಲೋ ಬೇಡವೋ, ಇಟ್ಟರು. ಅಮ್ಮಾ. ತಣ್ಣಗಿದೆ, ಒಣಗಿದೆ, ಲೋಳೆ ಇಲ್ಲ, ಹಲ್ಲಿಯಂತಲ್ಲ, ಎರಡು ಕಡೆಯಿಂದ ಬೆರಳನ್ನು ಹಿಡಿಯುತ್ತದೆ, ಪುಟ್ಟ ಕೂಸು ಹಿಡಿಯುವ ಹಾಗೆ, ಇಷ್ಟೇನಾ, ಇಷ್ಟಕ್ಕೇ ನಾನು ಇಷ್ಟು ಕಾಲ ಹೆದರಿದ್ದೆ, ಇಲ್ಲ, ಈಗಲೂ ಹೆದರಿಕೆಯಿದೆ, ಕುತ್ತಿಗೆಯ ಹಿಂದೆ ಬೆವರು ಇಳಿಯುತ್ತಿದೆ, ಇನ್ನೊಂದು ಕಾಲು, ಹಿಂಗಾಲು, ಬಾಲ ಕೊಂಬೆಯನ್ನು ಬಿಡಿಸಿಕೊಂಡಿತು, ಇಡೀ ಮೇಷ್ಟ್ರು ನನ್ನ ಕೈಯ ಮೇಲೆ, ತೂಕವೇ ಇಲ್ಲ, ಎಷ್ಟು ಹಗುರಾಗಿಬಿಟ್ಟಿದ್ದೀರಿ, ಹೊರಗೆ ತಂದೆ, ಗೂಡಿಗೆ ಬೆನ್ನು ಮಾಡಿ ತಿರುಗಿದೆ, ಗಿಡದ ಹತ್ತಿರ ಕೈ ಹಿಡಿದರೆ ಇಳಿಯುವುದಿಲ್ಲ, ಮೊಣಕೈಯವರೆಗೆ ಹತ್ತಿ ಅಲ್ಲೇ ಕೂತರು, ಬಂದ್ರು ಅಂದೆ ಮೇಜಿನ ಕಡೆ, ಕೈ ಮೇಲೆ ಇದಾರೆ, ಇಳೀತಿಲ್ಲ. ಇರ್ಲಿ ಬಿಡಿ ಅಂದಿತು ಫೋನು, ಹಾಗೇ ಕೂತ್ಕೊಳ್ಳಿ, ಇನ್ನೊಂದು ಕೈಲಿ ಒಂದು ಮಿಡತೆ ಹಿಂಗಾಲು ಹಿಡ್ಕೊಂಡು ತೋರ್ಸಿ, ದೂರದಿಂದ, ಅಲ್ಲಾಡಬೇಡಿ, ಎರಡು ಕಣ್ಣೂ ಒಟ್ಟಿಗೆ ಅದರ ಮೇಲೆ ಬಂದ್ರೆ ನಾಲಿಗೆ ಹಾಕ್ತಾರೆ.

ಮಿಡತೆಗಳ ಡಬ್ಬಿಯ ಮುಚ್ಚಳ ಒಂದೇ ಕೈಯಲ್ಲಿ ತೆಗೆದೆ, ಮಿಡತೆ ಜಾರಿತು, ಇನ್ನೊಂದು, ಹಿಡಿದೆ, ಬೆರಳ ನಡುವೆ ಒದೆಯುತ್ತಿದೆ, ಕೂತೆ, ಕೈ ಚಾಚಿದೆ, ನೋಡುತ್ತಿಲ್ಲ, ಒಂದು ಕಣ್ಣು ಮೇಲಿನ ಗೋಡೆ ಸುತ್ತುತ್ತಿದೆ, ಇನ್ನೊಂದು ಹಿಂದಕ್ಕೆ, ಆ ಗೂಡಿನ ಕಡೆಗೆ, ಇನ್ನೂ ಅಲ್ಲಿದ್ದಾರಾ ಅಂತ, ಇಲ್ಲ ಮೇಷ್ಟ್ರೇ, ಅಲ್ಲಿ ಯಾರೂ ಇಲ್ಲ, ಯಾವತ್ತೂ ಯಾರೂ ಇರಲಿಲ್ಲ, ಹೇಳಿದರೆ ನಂಬುವುದು ಅಷ್ಟು ಸುಲಭವೇ, ಭುಜ ಸೋಲುತ್ತಿದೆ, ಹೊರಗೆ ಬೀದಿಯಲ್ಲಿ ಆಟೊ ನಿಂತ ಸದ್ದು, ನಮ್ಮ ಮನೆಗಲ್ಲ, ಅವರು ಇನ್ನೂ ಬಸ್ಸಿನಲ್ಲೇ, ತಿನ್ನದೆ ಹೋದರೆ, ಬಾಗಿಲು ತೆಗೆದಾಗ ಅಜ್ಜಿಗೆ ಈ ಕಪ್ಪು ಕಂಡರೆ, ಹುಡುಗಿ ಹೇಳಿದ ಸುಳ್ಳು ಅವಳ ಮೇಲೇ ಬಿದ್ದರೆ, ಎರಡು ತಿಂದ್ರಂತೆ ಅಂದಳಲ್ಲ, ಒಂದಾದರೂ, ಒಂದಾದರೂ ಮೇಷ್ಟ್ರೇ, ಅವಳನ್ನು ಸುಳ್ಳಿ ಮಾಡಬೇಡಿ, ನಾನಾದರೆ ಪರವಾಗಿಲ್ಲ — ಗೂಡಿನ ಕಡೆಯ ಕಣ್ಣು ನಿಂತಿತು, ತಿರುಗಿತು, ನನ್ನ ಗಲ್ಲ, ನನ್ನ ಭುಜ, ಕೈಗುಂಟ ಇಳಿಯುತ್ತಿದೆ, ಮಿಡತೆಯ ಮೇಲೆ ಬಂತು, ಒಂದೇ ಕಣ್ಣು, ಒಂದು ಕಣ್ಣಿಂದ ಏನಾಗುತ್ತದೆ, ಅದು ಹೋಗುತ್ತದೆ, ಹೋಗಲಿಲ್ಲ, ಗೋಡೆ ಸುತ್ತುತ್ತಿದ್ದದ್ದೂ ನಿಂತಿತು, ಇಲ್ನೋಡಿ ಅನ್ನುತ್ತಿದೆ ಫೋನು, ತಿಂದ್ರಾ, ಉತ್ತರ ಕೊಡಲಾರೆ, ತುಟಿ ಅಲುಗಿದರೂ ಆಗದು, ಬಾಯಿ ಒಂದು ಚೂರು ಬಿಚ್ಚಿಕೊಂಡಿದೆ, ಹೆದರಿಸುವ ಹಾಗಲ್ಲ, ಚೂರೇ ಚೂರು, ಒಳಗೆ ನಾಲಿಗೆಯ ತುದಿ, ತಿಂದ್ರಾ, ಇಲ್ನೋಡಿ, ಎರಡನೆಯ ಕಣ್ಣೂ ಬಂತು, ಎರಡೂ ಕಣ್ಣು ಮುಂದಕ್ಕೆ, ಎರಡೂ ಒಂದೇ ಕಡೆ, ನನ್ನ ಬೆರಳ ತುದಿಯ ಮೇಲೆ, ಉಸಿರಾಡಬೇಡ, ಎರಡೂ ಕಣ್ಣು, ಒಂದೇ ಕಡೆ, ಎರಡೂ ಕಣ್ಣು —